ಅಂಗದನ ರಿಟರ್ನ್ ಟಿಕೆಟ್

ಕಥೆ ಐದೇ ಸಾಲಿನದು. "ಒಬ್ಬ ಹುಡುಗ ನ್ಯಾಷನಲ್ ಪಾರ್ಕಿಗೆ ಹೋದ. ಅಲ್ಲಿ ದಾರಿ ತಪ್ಪಿತು. ಎದುರಿಗೆ ಚಿರತೆ ಬಂತು. ಅವನು ಅಪ್ಪನಿಗೆ ಫೋನ್ ಮಾಡಿ ಲೊಕೇಶನ್ ಕಳಿಸಿದ. ಅಪ್ಪ ಬಂದು ಕರ್ಕೊಂಡು ಹೋದರು." ಕೆಳಗೆ ಅರ್ಧ ಪುಟ ತುಂಬ ಚಿರತೆಯ ಚಿತ್ರ. ಚಿರತೆ ನಗುತ್ತಿತ್ತು.

ಬರೆದವನು ಹತ್ತು ವರ್ಷದ ಹುಡುಗ. ಮೂಗಿನ ಮೇಲಿಂದ ಸದಾ ಜಾರುವ ದಪ್ಪ ಕನ್ನಡಕ. ಸಾಹಸ ಕಥೆ ಬರೀರಿ ಅಂತ ಹೇಳಿದ್ದು ನಾನೇ. ಓದಿ ನಕ್ಕೆ, ಚೆನ್ನಾಗಿದೆ ಅಂದೆ, ಪುಸ್ತಕ ವಾಪಸ್ ಕೊಟ್ಟೆ. ಮನೆಗೆ ಬಂದು ಕುಕ್ಕರ್ ಇಟ್ಟು ನಿಂತಾಗ ಆ ಕಥೆ ಮತ್ತೆ ತಲೆಗೆ ಬಂತು. ರಾತ್ರಿ ಮಲಗಿದಾಗಲೂ ಬಂತು. ಅದರಲ್ಲಿ ತಪ್ಪೇನಿದೆ? ಏನೂ ಇಲ್ಲ. ದಾರಿ ತಪ್ಪಿದ ಮಗು ಅಪ್ಪನಿಗೆ ಫೋನ್ ಮಾಡಬೇಕು ಅಂತ ನಾವೇ ಅಲ್ವಾ ಹೇಳಿಕೊಟ್ಟಿದ್ದು? ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ಬುದ್ಧಿವಂತ ಹುಡುಗ, ಬುದ್ಧಿವಂತ ಅಪ್ಪ. ಆದರೂ ಅದು ಕಥೆ ಆಗಿಲ್ಲ. ಯಾಕೆ ಆಗಿಲ್ಲ ಅನ್ನೋದನ್ನು ಅವನಿಗೆ ಹೇಳೋದು ಹೇಗೆ ಅಂತ ಗೊತ್ತಾಗಲಿಲ್ಲ. ನಿಜ ಹೇಳಬೇಕಂದ್ರೆ, ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಸೊಸೈಟಿಯ ಕ್ಲಬ್ ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಕ್ಲಾಸು ಮಾಡ್ತೀನಿ. ಕ್ಲಬ್ ಹೌಸ್ ಅಂದ್ರೆ ಒಂದು ಟೇಬಲ್ ಟೆನಿಸ್ ಮೇಜು, ನೆಟ್ ಯಾವತ್ತೋ ಹರಿದುಹೋಗಿದೆ. ಅದೇ ನಮ್ಮ ಡೆಸ್ಕು. ಹನ್ನೊಂದು ಮಕ್ಕಳು, ಒಂಬತ್ತರಿಂದ ಹನ್ನೆರಡು ವರ್ಷದವರು. ಒಬ್ಬರ ಊರು ಕುಂದಾಪುರ, ಒಬ್ಬರದು ವಿಜಯಪುರ, ಇನ್ನೊಬ್ಬರದು ಕಲಬುರಗಿ. ಊರು ಅಂದ್ರೆ ಅಜ್ಜನ ಊರು. ಇವರೆಲ್ಲ ಹುಟ್ಟಿದ್ದು ಇಲ್ಲೇ. ಮನೇಲಿ ಕನ್ನಡ, ಶಾಲೇಲಿ ಇಂಗ್ಲಿಷು, ಲಿಫ್ಟಿನಲ್ಲಿ ಹಿಂದಿ, ವಾಚ್‌ಮನ್ ಹತ್ತಿರ ಮರಾಠಿ. ಅರ್ಧ ಗಂಟೆ ಕಾಗುಣಿತ, ಆಮೇಲೆ ಒಂದು ಗಂಟೆ ಕಥೆ. ಕಾಗುಣಿತಕ್ಕೆ ಲೇಟಾಗಿ, ಕಥೆಗೆ ಸರಿಯಾಗಿ ಬರೋರು ಜಾಸ್ತಿ.

ಹನ್ನೊಂದು ಸತ್ತ ಬ್ಯಾಟರಿ

ಮುಂದಿನ ಭಾನುವಾರ ಒಂದು ನಿಯಮ ಹಾಕಿದೆ: ಕಥೆಯಲ್ಲಿ ಫೋನ್ ಇರಬಾರದು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋನ್ ಇಲ್ಲದ ಮನುಷ್ಯ ಅಂದ್ರೆ ಯಾರು, ಅವನು ಯಾಕೆ ಹಾಗಿದ್ದಾನೆ ಅನ್ನೋದೇ ಅವರಿಗೆ ದೊಡ್ಡ ಪ್ರಶ್ನೆ. ಕೊನೆಗೆ ಒಬ್ಬಳು ಉಪಾಯ ಹುಡುಕಿದಳು, ಮಿಕ್ಕವರು ಪಕ್ಕದಿಂದ ಕದ್ದು ನೋಡಿದರು. ಹನ್ನೊಂದು ಕಥೆ ಬಂತು. ಹನ್ನೊಂದರಲ್ಲೂ ಬ್ಯಾಟರಿ ಸತ್ತಿತ್ತು. ಒಂದು ಕಥೆಯಲ್ಲಂತೂ ಹುಡುಗ ಬೆಟ್ಟ ಹತ್ತಿ, ಗುಹೆ ಹೊಕ್ಕು, ಒಳಗೆ ಚಾರ್ಜರ್ ಹುಡುಕಿದ.

ಫೋನ್ ಹೋದ ಜಾಗಕ್ಕೆ ಬಂದಿದ್ದು ರಾಕ್ಷಸರು. ಒಬ್ಬ ಐದು ಡೈನೋಸಾರ್ ತಂದ. ಪಕ್ಕದವನು ಅದನ್ನು ನೋಡಿ ಐವತ್ತು ಮಾಡಿದ. ಬಾಂಬು, ಏಲಿಯನ್, ಸುನಾಮಿ, ಎಲ್ಲಾ ಒಂದೇ ಪುಟದಲ್ಲಿ. ನಾಯಕ ಎಲ್ಲರನ್ನೂ ಒಂದೇ ಏಟಿಗೆ ಕೊಂದ. ಓದುತ್ತಾ ನನಗೆ ಆಕಳಿಕೆ ಬಂತು. ಬರೆದವರಿಗೂ ಬರೆಯುವಾಗ ಬಂದಿರಬೇಕು, ಯಾಕಂದ್ರೆ ಕೊನೆಯಲ್ಲಿ ಅಕ್ಷರ ಗಿಜಿಗಿಜಿ ಆಗಿತ್ತು. ಅಪಾಯ ದೊಡ್ಡದಾದಷ್ಟೂ ಕಥೆ ಸಣ್ಣದಾಗ್ತಾ ಇತ್ತು. ಐವತ್ತು ಡೈನೋಸಾರಿಗೆ ಯಾರೂ ಹೆದರಲ್ಲ. ಗಿರಣಿ ಮುಂದೆ ಮಲಗಿರೋ ಆ ಒಂದು ಕಂದು ನಾಯಿಗೆ ಇಡೀ ಕ್ಲಾಸೇ ಹೆದರುತ್ತೆ.

ಮೊದಮೊದಲು ನಾನೂ ಕಾಪಿ ಹೊಡೆದೇ ಪಾಠ ಮಾಡಿದ್ದೆ ಅಂತ ಒಪ್ಪಿಕೊಳ್ಳಬೇಕು. ಆರಂಭ, ಸಂಘರ್ಷ, ಪರಾಕಾಷ್ಠೆ, ಮುಕ್ತಾಯ ಅಂತ ಬೋರ್ಡಿನ ಮೇಲೆ ಗುಡ್ಡದ ಹಾಗೆ ಒಂದು ಗೆರೆ ಎಳೆದಿದ್ದೆ. ಮಕ್ಕಳು ಆ ಗುಡ್ಡವನ್ನು ಚೆಂದಾಗಿ ಪುಸ್ತಕದಲ್ಲಿ ಇಳಿಸಿಕೊಂಡರು, ಮೇಲೆ ಸೂರ್ಯನ್ನೂ ಎರಡು ಕಾಗೆಯನ್ನೂ ಬರೆದರು. ಅಲ್ಲಿಗೆ ಮುಗೀತು. ಸೈಕಲ್ ಹೊಡೆಯೋಕೆ ಸೈಕಲ್ಲಿನ ನಕ್ಷೆ ತೋರಿಸಿದ ಹಾಗೆ.

ಇನ್ನು 'ಸಾಹಸ' ಅನ್ನೋ ಮಾತಿನದೇ ಒಂದು ತಮಾಷೆ. ಹಳೇ ಧರ್ಮಶಾಸ್ತ್ರಗಳಲ್ಲಿ ಅದು ಅಪರಾಧದ ಹೆಸರು. ಬಲ ಉಪಯೋಗಿಸಿ ಮಾಡಿದ ದರೋಡೆ, ಹಲ್ಲೆ ಎಲ್ಲ ಸಾಹಸ. ಈಗ ಅದಕ್ಕೆ ಬಹುಮಾನ ಕೊಡ್ತೀವಿ. ನಮ್ಮ ದಿನದ ಮಾತಿನಲ್ಲಿ ಉಳಿದಿರೋದು 'ಹರಸಾಹಸ' ಒಂದೇ. ಬೆಳಿಗ್ಗೆ 8ರ ಹೊತ್ತಿಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತೋರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಜೇಬಲ್ಲಿ ಏನಿದೆ?

ಮೂರನೇ ವಾರ ಒಂದು ಬಟ್ಟೆ ಚೀಲ ತಗೊಂಡು ಹೋದೆ. ಮೇಜಿನ ಮೇಲೆ ಸುರಿದೆ. ಅರ್ಧ ಮೇಣದಬತ್ತಿ, ಮೂರು ಕಡ್ಡಿ ಇರೋ ಬೆಂಕಿಪೊಟ್ಟಣ, ಒಂದು ಸೇಫ್ಟಿ ಪಿನ್ನು, 30 ರೂಪಾಯಿ, ಹತ್ತು ಬಿಸ್ಕತ್ತು, ಒಂದು ನೀರಿನ ಬಾಟಲಿ. "ನೀವು ಇಬ್ಬರು ಗುಹೆ ಒಳಗಿದ್ದೀರಿ. ನಿಮ್ಮ ಹತ್ರ ಇರೋದು ಇಷ್ಟೇ. ಖರ್ಚಾದದ್ದು ಖರ್ಚಾಯ್ತು, ಮತ್ತೆ ಬರಲ್ಲ" ಅಂದೆ. ಚಿರತೆಯೂ ಇಲ್ಲ, ಡೈನೋಸಾರೂ ಇಲ್ಲ. ಬರೀ ಗುಹೆ. ಶಾಲೆಯವರು ಪಿಕ್ನಿಕ್ಕಿಗೆ ಕಾನ್ಹೇರಿಗೆ ಕರ್ಕೊಂಡು ಹೋಗಿದ್ದರಿಂದ ಗುಹೆಯ ತಣ್ಣನೆ ಕಲ್ಲು ಅವರಿಗೆ ಗೊತ್ತಿತ್ತು.

ಅವತ್ತು ನಾನು ಜಾಸ್ತಿ ಮಾತಾಡಬೇಕಾಗಲೇ ಇಲ್ಲ. ಮೊದಲ ಕಡ್ಡಿ ಗೀರಿದವನು ಗಾಳಿಗೆ ಆರಿಸಿಬಿಟ್ಟ. ಸುಮ್ನೆ ಕಥೆಯಲ್ಲಿ ಗೀರಿದ್ದು, ಆದರೂ ಎಲ್ಲರೂ ಅವನನ್ನು ಬೈದರು. "ಬಾಗಿಲ ಹತ್ರ ಯಾಕೆ ಹಚ್ಚಿದೆ? ಒಳಗೆ ಹೋಗಿ ಹಚ್ಚಬೇಕಿತ್ತು!" ಎರಡು ಕಡ್ಡಿ ಉಳಿಯಿತು. ಬಿಸ್ಕತ್ತು ಹಂಚುವಾಗ ದೊಡ್ಡ ಜಗಳ. ವಿಜಯಪುರದ ಕಡೆಯ ಹುಡುಗಿ ಲೆಕ್ಕ ಇಟ್ಟಳು: ಇಬ್ಬರಿಗೆ ಹತ್ತು ಬಿಸ್ಕತ್ತು, ದಿನಕ್ಕೆ ತಲಾ ಎರಡು ಅಂದ್ರೆ ಎರಡೂವರೆ ದಿನ. "ಆ ಅರ್ಧ ದಿನ ಏನ್ ಮಾಡೋದು ಟೀಚರ್?" ಅಂತ ಕೇಳಿದಳು. ನಿಜವಾಗಿ ಚಿಂತೆ ಹತ್ತಿದ ದನಿಯಲ್ಲಿ ಕೇಳಿದಳು. ಕನ್ನಡಕದ ಹುಡುಗ 30 ರೂಪಾಯಿ ಎತ್ತಿ ನೋಡಿ, "ಇದು ಗುಹೆಯಲ್ಲಿ ಯಾವ ಕೆಲಸಕ್ಕೂ ಬರಲ್ಲ" ಅಂದ. ಸ್ವಲ್ಪ ಹೊತ್ತಾದ ಮೇಲೆ, "ಹತ್ತು ರೂಪಾಯಿ ನೋಟು ಮೂರು ಇದ್ರೆ ಸುಡಬಹುದು" ಅಂದ. ಆ ಕ್ಷಣ ಮೇಜಿನ ಸುತ್ತ ಒಂದು ಮೌನ ಬಂತು ನೋಡಿ, ಅದನ್ನು ನಾನು ಮೂರು ವಾರದಿಂದ ಹುಡುಕ್ತಾ ಇದ್ದೆ.

ಹೆದರಿಕೆ ಹುಟ್ಟೋದು ಎದುರಿಗೆ ಏನು ಬಂತು ಅನ್ನೋದಕ್ಕಿಂತ ಕೈಯಲ್ಲಿ ಎಷ್ಟು ಉಳಿದಿದೆ ಅನ್ನೋದರಿಂದ. ಇದು ನನಗೆ ಹೊಳೆದದ್ದು ಅವತ್ತು. ಬುದ್ಧಿವಂತರಿಗೆ ಮೊದಲೇ ಗೊತ್ತಿತ್ತು. 1881ರಲ್ಲಿ ಸ್ಕಾಟ್ಲೆಂಡಿನ ಬ್ರೇಮರ್ ಅನ್ನೋ ಊರಲ್ಲಿ ಮಳೆ ಹಿಡಿದು ಮನೆಯಿಂದ ಹೊರಗೆ ಹೋಗೋಕಾಗದೆ, ರಾಬರ್ಟ್ ಲೂಯಿ ಸ್ಟೀವನ್ಸನ್ ತನ್ನ ಮಲಮಗನ ಜತೆ ಕೂತು ಒಂದು ದ್ವೀಪದ ನಕ್ಷೆ ಬಿಡಿಸಿ ಬಣ್ಣ ಹಚ್ಚಿದ. 'ಟ್ರೆಷರ್ ಐಲ್ಯಾಂಡ್' ಹುಟ್ಟಿದ್ದು ಆ ನಕ್ಷೆಯಿಂದ. ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತಿದ್ದ. ಅವನ ಅಪ್ಪ ಲೈಟ್‌ಹೌಸ್ ಕಟ್ಟಿಸುವ ಇಂಜಿನಿಯರ್. ಆ ದೊಡ್ಡ ಮನುಷ್ಯನಿಗೂ ಕಥೆಯ ಹುಚ್ಚು ಹತ್ತಿತು. ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನು ಸಾಮಾನು ಇರಬೇಕು ಅಂತ ಒಂದು ಲಕೋಟೆಯ ಹಿಂದೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು ಕೂತು ಪಟ್ಟಿ ಮಾಡಿಕೊಟ್ಟನಂತೆ. ಮಗ ಅದನ್ನು ಹಾಗೇ ಕಥೆಗೆ ಇಳಿಸಿದ. ಅಷ್ಟು ಹೊತ್ತು ಕೂತು ಪೆಟ್ಟಿಗೆಯ ಪಟ್ಟಿ ಮಾಡಿದ ಆ ಅಪ್ಪ ನನಗೆ ತುಂಬ ಇಷ್ಟ. ನಮ್ಮ ಬಿಸ್ಕತ್ತಿನ ಹುಡುಗಿಗೆ ಅವನು ಸರಿಯಾದ ಜೋಡಿ.

ಈ ಕಥೆ ಹೇಳಿದ ಮೇಲೆ ನಾವೂ ನಕ್ಷೆ ಮಾಡೋಣ ಅಂತ ಹೊರಟೆವು. ದ್ವೀಪ ಬೇಡ, ನಮ್ಮದೇ ಜಾಗ. ಸೊಸೈಟಿಯಿಂದ ಡೊಂಬಿವಲಿ ಸ್ಟೇಷನ್‌ವರೆಗೆ. ನಡೆದರೆ ಹದಿನೈದು ನಿಮಿಷ. ಸೊಸೈಟಿಯ ಒಳಗಿನದನ್ನು ಮಕ್ಕಳು ಎಷ್ಟು ಚೆನ್ನಾಗಿ ಬರೆದರು ಅಂದ್ರೆ ನನಗೇ ಗೊತ್ತಿಲ್ಲದ ಸಂದುಗಳೆಲ್ಲ ಬಂದವು. ನೀರಿನ ಟ್ಯಾಂಕಿನ ಹಿಂದೆ ಬೆಕ್ಕು ಮರಿ ಹಾಕಿದ ಜಾಗ, ಬಾಲ್ ಬಿದ್ದರೆ ವಾಪಸ್ ಕೊಡದ ಆಂಟಿಯ ಬಾಲ್ಕನಿ, ಜನರೇಟರ್ ರೂಮು. ಗೇಟಿಗೆ ಬಂದ ಕೂಡಲೇ ಪೆನ್ಸಿಲ್ ನಿಂತಿತು. ಗಿರಣಿ ಇದೆ, ನಾಯಿ ಇದೆ, ಆಮೇಲೆ? ಕನ್ನಡಕದ ಹುಡುಗನ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಒಂದು ಮೂಲೆಯಲ್ಲಿ ಸೊಸೈಟಿ, ಇನ್ನೊಂದು ಮೂಲೆಯಲ್ಲಿ ಸ್ಟೇಷನ್ನು. ನಡುವೆ ಬಿಳಿ. ಆ ಬಿಳಿಯ ಮಧ್ಯ ದಪ್ಪ ಅಕ್ಷರದಲ್ಲಿ 'ರಿಕ್ಷಾ' ಅಂತ ಬರೆದಿದ್ದ. ಹಳೇ ಕಾಲದ ನಾವಿಕರ ನಕ್ಷೆಗಳಲ್ಲಿ ಗೊತ್ತಿಲ್ಲದ ಸಮುದ್ರದ ಮೇಲೆ ಹಾವು, ಮೀನು ಬರೀತಿದ್ದರಲ್ಲ, ಹಾಗೆ.

ಅವನ ತಪ್ಪಲ್ಲ. ಒಬ್ಬನೇ ಗೇಟು ದಾಟೋಕೆ ನಾವು ಬಿಟ್ಟಿದ್ದರೆ ತಾನೆ? ಆ ರಸ್ತೆಯ ಟ್ರಾಫಿಕ್ ನೋಡಿದರೆ ನಾನೂ ಬಿಡಲ್ಲ. ನನ್ನ ಮಗಳನ್ನೂ ಬಿಟ್ಟಿರಲಿಲ್ಲ.

ನೂರು ಯೋಜನ

ಜೇಬಿನ ಆಟ ಎರಡು ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಇನ್ನೊಂದು ತೊಂದರೆ. ಕಥೆಗಳು ಮುಗಿಯುತ್ತಲೇ ಇರಲಿಲ್ಲ. ನಿಧಿ ಸಿಕ್ಕಿತು, ಆಮೇಲೆ? ಮತ್ತೊಂದು ಗುಹೆ. ಅಲ್ಲಿ ಮತ್ತೊಂದು ನಿಧಿ. ಸರಿ, ನಮ್ಮದೇ ದೊಡ್ಡ ಕಥೆ ಹೇಳೋಣ ಅಂತ ಹನುಮಂತ ಸಮುದ್ರ ಹಾರಿದ್ದನ್ನು ತೆಗೆದುಕೊಂಡೆ. ಎಲ್ಲರಿಗೂ ಗೊತ್ತಿರೋದೇ, ಕಾರ್ಟೂನಿನಲ್ಲಿ ನೋಡಿರ್ತಾರೆ. ಅದಕ್ಕೇ ಹಾರೋದನ್ನು ಬಿಟ್ಟು, ಹಾರೋಕೆ ಮುಂಚೆ ದಡದ ಮೇಲೆ ಏನಾಯ್ತು ಅನ್ನೋದರಿಂದ ಶುರು ಮಾಡಿದೆ. ಕಪಿಗಳೆಲ್ಲ ಸಮುದ್ರದ ಮುಂದೆ ಕೂತಿವೆ. ಲಂಕೆ ನೂರು ಯೋಜನ ದೂರ. ಯಾರು ಎಷ್ಟು ಹಾರಬಲ್ಲರು ಅಂತ ಒಬ್ಬೊಬ್ಬರೇ ಹೇಳ್ತಾರೆ. ಒಬ್ಬ ಹತ್ತು ಯೋಜನ ಅಂತಾನೆ. ಇನ್ನೊಬ್ಬ ಇಪ್ಪತ್ತು. ಹಾಗೇ ಏರುತ್ತಾ ಹೋಗುತ್ತೆ. ಮುದುಕ ಜಾಂಬವಂತ ತೊಂಬತ್ತು ಅಂತಾನೆ, ವಯಸ್ಸಾಯ್ತು ಅಂತಾನೆ. ಕೊನೆಗೆ ಅಂಗದ ಏಳ್ತಾನೆ. "ನೂರು ಯೋಜನ ನಾನು ಹಾರಬಲ್ಲೆ. ಆದರೆ ವಾಪಸ್ ಹಾರೋ ಶಕ್ತಿ ಇರುತ್ತೋ ಇಲ್ವೋ ಹೇಳಲಾರೆ."

ಇಲ್ಲಿ ನಾನು ಸ್ವಲ್ಪ ನಿಲ್ಲಿಸಿದೆ. ಸುಮ್ನೆ ನೀರು ಕುಡಿಯೋಕೆ ನಿಲ್ಲಿಸಿದ್ದು. ಹಿಂದಿನ ಬೆಂಚಿಂದ ಒಬ್ಬ ಅಂದ: "ಅಂಗದನ ಹತ್ರ ರಿಟರ್ನ್ ಟಿಕೆಟ್ ಇರಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಲೋಕಲ್ ಹತ್ತೋ ಊರಿನ ಮಗು, ಕೌಂಟರಿನಲ್ಲಿ 'ರಿಟರ್ನ್' ಅಂತ ಕೇಳೋದು ಅವನಿಗೆ ಹುಟ್ಟಿನಿಂದ ಬಂದದ್ದು. ಆದರೆ ಆ ಮಾತು ನನ್ನೊಳಗೆ ಎಲ್ಲೋ ಹೋಗಿ ಕೂತಿತು. ಅಂಗದ ಹೆದರುಪುಕ್ಕಲ ಅಲ್ಲ. ಆಮೇಲೆ ರಾವಣನ ಸಭೆಗೇ ಹೋಗಿ ಮಾತಾಡಿ ಬಂದೋನು. ಅವತ್ತು ಅವನು ಹಾರಿದ್ದರೆ ಲಂಕೆ ಮುಟ್ಟುತ್ತಿದ್ದ, ಬಹುಶಃ ಸೀತೆಯನ್ನೂ ನೋಡುತ್ತಿದ್ದ. ಇತ್ತ ದಡದಲ್ಲಿ ಕೂತವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಉಂಗುರ ಹೋಗುತ್ತಿತ್ತು, ಚೂಡಾಮಣಿ ಬರುತ್ತಿರಲಿಲ್ಲ. ಹನುಮಂತ ವಾಪಸ್ ಬಂದ ಮೇಲೆ ಕಪಿಗಳೆಲ್ಲ ಮಧುವನಕ್ಕೆ ನುಗ್ಗಿ ಜೇನು ಕುಡಿದು ದಾಂಧಲೆ ಎಬ್ಬಿಸ್ತಾವಲ್ಲ, ನಾನು ಚಿಕ್ಕವಳಿದ್ದಾಗ ಅದು ಬರೀ ತಮಾಷೆಗೆ ಸೇರಿಸಿದ್ದು ಅಂದ್ಕೊಂಡಿದ್ದೆ. ಕಥೆ ಮುಗಿಯೋದೇ ಅಲ್ಲಿ. ಅದಿಲ್ಲದೆ ಹಾರಿದ್ದಕ್ಕೆ ಅರ್ಥವಿಲ್ಲ.

ಕುಂದಾಪುರದ ಮನೆಯ ಹುಡುಗಿ ಆಗ ಕೈ ಎತ್ತಿದಳು. ಮಳೆಗಾಲದಲ್ಲಿ ಊರಿನ ಯಕ್ಷಗಾನದವರು ಮುಂಬಯಿಗೆ ಬರ್ತಾರೆ, ಅವಳ ಅಪ್ಪ ತಪ್ಪದೆ ಕರ್ಕೊಂಡು ಹೋಗ್ತಾರೆ. ಅಭಿಮನ್ಯು ಕಾಳಗ ನೋಡಿದ್ದಾಳೆ. "ಟೀಚರ್, ಅಭಿಮನ್ಯುವಿಗೂ ಹೊರಗೆ ಬರೋದು ಗೊತ್ತಿರಲಿಲ್ಲ. ಅವನು ಅದನ್ನ ಮೊದಲೇ ಹೇಳಿಬಿಡ್ತಾನೆ. ಹಾಗೆ ಹೇಳಿಬಿಟ್ರೆ ಸಸ್ಪೆನ್ಸ್ ಹೋಗಲ್ವಾ?" ಒಳ್ಳೇ ಪ್ರಶ್ನೆ. ನಾನು ತಿರುಗಿ ಕೇಳಿದೆ, ನಿನಗೆ ಹೋಯ್ತಾ? ಅವಳು ಯೋಚಿಸಿದಳು. "ಇಲ್ಲ. ಅವನು ಒಳಗೆ ಒಳಗೆ ಹೋಗ್ತಾ ಇದ್ರೆ ನಂಗೆ ಅಳು ಬಂತು. ಸೈಂಧವ ಬಾಗಿಲಲ್ಲಿ ನಿಂತಾಗ ಅಮ್ಮನ ಕೈ ಹಿಡ್ಕೊಂಡೆ." ನೋಡಿ, ಮುಚ್ಚಿಟ್ಟಿದ್ದರೆ ಆ ಭಯ ಕೊನೆಯ ಒಂದು ನಿಮಿಷಕ್ಕೆ ಬರುತ್ತಿತ್ತು. ಮೊದಲೇ ಹೇಳಿದ್ದರಿಂದ ರಾತ್ರಿಯಿಡೀ ಇತ್ತು. ಅಂಗದನಿಗೂ ಗೊತ್ತಿತ್ತು, ಅವನು ದಡದಲ್ಲಿ ನಿಂತ. ಅಭಿಮನ್ಯುವಿಗೂ ಗೊತ್ತಿತ್ತು, ಅವನು ನುಗ್ಗಿದ. ಅಭಿಮನ್ಯುವಿನದನ್ನು ನಾವ್ಯಾರೂ ಸಾಹಸ ಕಥೆ ಅಂತ ಕರೆಯಲ್ಲ ಅಲ್ವಾ? ಅದಕ್ಕೆ ಬೇರೆ ಹೆಸರಿದೆ.

ಸಮುದ್ರದ ಮೇಲಿನ ತೊಡಕುಗಳಿಗೂ ಅವತ್ತೇ ಬಂದೆವು. ಮೊದಲು ಮೈನಾಕ, ನೀರಿನಿಂದ ಎದ್ದ ಬೆಟ್ಟ, ಬಾ ಕೂತು ಸುಧಾರಿಸಿಕೋ ಅಂತ ಉಪಚಾರ ಮಾಡುತ್ತೆ. ಆಮೇಲೆ ಸುರಸೆ, ನನ್ನ ಬಾಯಿ ಹೊಕ್ಕೇ ಹೋಗಬೇಕು ಅಂತಾಳೆ. ಅವನು ದೊಡ್ಡವನಾದಷ್ಟೂ ಅವಳ ಬಾಯಿ ದೊಡ್ಡದಾಗುತ್ತೆ. ಕೊನೆಗೆ ಹೆಬ್ಬೆರಳಷ್ಟಾಗಿ ಒಳಗೆ ಹೋಗಿ ಹೊರಗೆ ಬಂದುಬಿಡ್ತಾನೆ. ಆಮೇಲೆ ಸಿಂಹಿಕೆ, ನೆರಳು ಹಿಡಿದು ಎಳೆಯೋಳು. ಅವಳನ್ನು ಕೊಲ್ಲಲೇಬೇಕು. ಒಂದರ ಹಾಗೆ ಇನ್ನೊಂದಿಲ್ಲ. ಐವತ್ತು ಡೈನೋಸಾರಿನವನು ಇದನ್ನು ಕೇಳಿ ಸುಮ್ಮನಾದ. ಮೂರರಲ್ಲಿ ಯಾವುದು ಕಷ್ಟ ಅಂತ ಕೇಳಿದೆ. ಎಲ್ಲರೂ ಸಿಂಹಿಕೆ ಅಂದರು. ಬಿಸ್ಕತ್ತಿನ ಹುಡುಗಿ ಮಾತ್ರ ಮೈನಾಕ ಅಂದಳು. "ಊರಿಗೆ ಹೋದ್ರೆ ಅತ್ತೆ ಇನ್ನೊಂದು ರೊಟ್ಟಿ, ಇನ್ನೊಂದು ರೊಟ್ಟಿ ಅಂತ ಹಾಕ್ತಾಳಲ್ಲ ಟೀಚರ್, ಬ್ಯಾಡ ಅನ್ನಾಕ ಆಗಂಗಿಲ್ಲ. ಬಸ್ ತಪ್ಪತೈತಿ."

ಆ ರಾತ್ರಿ ನನಗೆ ನನ್ನದೇ ಒಂದು ಕಥೆ ನೆನಪಾಯ್ತು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ ದಿನ. ನಾನು ಸಯಾನಿನಲ್ಲಿ ಆಫೀಸಿನಿಂದ ಹೊರಟೋಳು, ಸೊಂಟದವರೆಗೆ ನೀರಲ್ಲಿ ನಡೆದು, ರಾತ್ರಿ ವಿಕ್ರೋಲಿಯಲ್ಲಿ ಗುರುತೇ ಇಲ್ಲದವರ ಮನೆಯಲ್ಲಿ ಅವರು ಕೊಟ್ಟ ಸೀರೆ ಉಟ್ಟು ಮಲಗಿ, ಮೂರನೇ ದಿನ ಡೊಂಬಿವಲಿ ಮುಟ್ಟಿದೆ. ಚೀಲದಲ್ಲಿ ಒಂದೂವರೆ ಚಪಾತಿ, ಮುರಿದ ಕೊಡೆ. ಇದನ್ನು ನಾನು ನೂರು ಸಲ ಹೇಳಿದ್ದೀನಿ. ಪ್ರತಿ ಸಲ ನೀರು ಒಂದು ಇಂಚು ಏರಿರುತ್ತೆ. ನೆಂಟರು ಬಂದರೆ ಗಂಡನೇ "ಆ ಮಳೆ ಕಥೆ ಹೇಳು" ಅಂತಾರೆ. ನಾವು ಆಗ ಇದ್ದ ಹಳೇ ಬಿಲ್ಡಿಂಗಿನ ಕೆಳಮಹಡಿಯ ಮನೆಯಿಂದಲೂ ಅವತ್ತು ಒಬ್ಬರು ಕೆಲಸಕ್ಕೆ ಹೋಗಿದ್ದರು. ಆ ಮನೆಯಲ್ಲಿ ಆ ಮಳೆಯ ಮಾತು ಯಾರೂ ಎತ್ತಲ್ಲ. ಅವರ ಎದುರಿಗೆ ನಾನೂ ಎತ್ತಲ್ಲ.

ಮಾವ ಕ್ಲಾಸಿಗೆ ಬಂದ ದಿನ

ನಮ್ಮ ಮಾವ ಉಡುಪಿ ಕಡೆಯವರು. 1961ರಲ್ಲಿ, ಹದಿಮೂರು ವರ್ಷಕ್ಕೆ ಮುಂಬಯಿಗೆ ಬಂದವರು. ಫೋರ್ಟಿನ ಹೋಟೆಲೊಂದರಲ್ಲಿ ಗ್ಲಾಸು ತೊಳೆದು, ಆಮೇಲೆ ಸಪ್ಲೈಯರ್ ಆಗಿ, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲೆಯ ಮೇಲೆ ಕೂತು, ಕೊನೆಗೆ ಬ್ಯಾಂಕು ಸೇರಿದರು. ಮುಂಬಯಿಯ ಕನ್ನಡದವರಿಗೆ ಈ ಏಣಿ ಹೊಸದಲ್ಲ, ಅರ್ಧ ಮನೆಗಳಲ್ಲಿ ಇಂಥ ಒಬ್ಬರಿದ್ದಾರೆ. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅವರು ಬಂದ ಕಥೆಯನ್ನು ನಾನು ಕೇಳೇ ಇರಲಿಲ್ಲ. ಕ್ಲಾಸಿಗೆ ಬಂದು ಹೇಳಿ ಮಾವ ಅಂದೆ. "ಅದ್ರಲ್ಲಿ ಕಥೆ ಎಂತದ್ದು ಮಾರಾಯ್ತಿ? ಮನೆಯಲ್ಲಿ ಊಟಕ್ಕೆ ಇರಲಿಲ್ಲ, ಬಂದೆ" ಅಂದರು. ಪೇಪರ್ ಎತ್ತಿಕೊಂಡರು. ಮಾತು ಮುಗಿದ ಹಾಗೆ.

ಕೊನೆಗೂ ಒಂದು ಭಾನುವಾರ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಟೇಬಲ್ ಟೆನಿಸ್ ಮೇಜಿನ ತುದಿಯಲ್ಲಿ ಕೂತರು. ಎರಡು ವಾಕ್ಯ ಹೇಳಿ ನಿಲ್ಲಿಸಿದರು. ನನಗೆ ಕೈಕಾಲು ಆಡಲಿಲ್ಲ. ಅಷ್ಟರಲ್ಲಿ ಕನ್ನಡಕದ ಹುಡುಗ ಕೇಳಿದ: "ಅಜ್ಜಾ, ಜೇಬಲ್ಲಿ ಏನಿತ್ತು?"

ಮಾವ ಅವನನ್ನೇ ನೋಡಿದರು. ಅರವತ್ತು ವರ್ಷದಲ್ಲಿ ಅವರಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ ಅನ್ಸುತ್ತೆ. "ಎರಡು ರೂಪಾಯಿ ಚಿಲ್ಲರೆ. ಒಂದು ಚೀಟಿ. ಬೈರಾಸಿನಲ್ಲಿ ಕಟ್ಟಿದ ಅವಲಕ್ಕಿ, ಬೆಲ್ಲ" ಅಂದರು. ಚೀಟಿಯಲ್ಲಿ ಏನಿತ್ತು? ಹೋಟೆಲಿನ ವಿಳಾಸ. ಶಾಲೆಯ ಮಾಷ್ಟ್ರು ಬರೆದುಕೊಟ್ಟದ್ದು, ಕನ್ನಡದಲ್ಲಿ. ಟಿಕೆಟ್? ಅದು ಜತೆಗೆ ಕರ್ಕೊಂಡು ಬರ್ತಿದ್ದ ಊರಿನವರ ಜೇಬಲ್ಲಿ. ಆಗ ಗೋವಾ ಇನ್ನೂ ಪೋರ್ಚುಗೀಸರ ಕೈಲಿತ್ತು, ಕರಾವಳಿ ಹಿಡಿದು ನೇರ ಬರೋ ಹಾಗಿರಲಿಲ್ಲ. ಕೊಂಕಣ ರೈಲು ಪೂರ್ತಿ ಆಗಿದ್ದು 1998ರಲ್ಲಿ. ಘಾಟಿ ಹತ್ತಿ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಪುಣೆಯಲ್ಲಿ ಗಾಡಿ ಬದಲಿಸಬೇಕು. ಆ ಬದಲಿಸುವ ಗಲಾಟೆಯಲ್ಲಿ ಊರಿನವರು ತಪ್ಪಿಹೋದರು. ಹುಡುಗ ಜನರ ಜತೆ ತಳ್ಳಿಸಿಕೊಂಡು ಮುಂಬಯಿ ಗಾಡಿ ಒಳಗಿದ್ದ. ಅವರು ಪ್ಲಾಟ್‌ಫಾರ್ಮಿನ ಮೇಲೆ ಎಲ್ಲೋ ಇದ್ದರು.

"ಟಿಸಿ ಬಂದನಾ ಅಜ್ಜಾ?"

"ಬಂದ. ನನ್ನ ಎದುರಿಗೆ ಒಂದು ಸಂಸಾರ ಇತ್ತು. ಐದು ಮಕ್ಕಳು. ನಾನು ಮೆಲ್ಲ ಜರುಗಿ ಆರನೆಯವನಾಗಿ ಕೂತೆ. ಮೊಣಕಾಲು ಮಡಚಿಕೊಂಡು, ಸಣ್ಣ ಮಗುವಿನ ಹಾಗೆ."

"ಸುರಸೆ!" ಅಂತ ಕುಂದಾಪುರದ ಹುಡುಗಿ ಪಿಸುಗುಟ್ಟಿದಳು. ಮಾವನಿಗೆ ಅರ್ಥ ಆಗಲಿಲ್ಲ, ಆದರೆ ಕಥೆ ಹಿಡಿತಕ್ಕೆ ಬಂದಿತ್ತು. ಖಂಡಾಳ ಘಾಟಿಯಲ್ಲಿ ಒಂದಾದ ಮೇಲೊಂದು ಸುರಂಗ. ಅವರು ಅದಕ್ಕೆ ಮುಂಚೆ ಸುರಂಗ ನೋಡಿರಲಿಲ್ಲ. ಕತ್ತಲಾದಾಗಲೆಲ್ಲ ಜೇಬು ಮುಟ್ಟಿ ಚೀಟಿ ಇದೆಯಾ ನೋಡುತ್ತಿದ್ದರಂತೆ. ಹೇಳುವಾಗ ಅವರ ಬಲಗೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಬೋರಿಬಂದರಿನಲ್ಲಿ ಇಳಿದರು. ಚೀಟಿಯನ್ನು ಕಂಡಕಂಡವರ ಮುಂದೆ ಹಿಡಿದರು. ಹಮಾಲರು, ಪೊಲೀಸು, ಕಡಲೆಕಾಯಿ ಮಾರುವವನು. ಎಲ್ಲರೂ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಅಷ್ಟು ದೊಡ್ಡ ಸ್ಟೇಷನ್ನಿನಲ್ಲಿ ಆ ಎರಡು ಸಾಲು ಓದೋರು ಒಬ್ಬರೂ ಇಲ್ಲ. ಮೇಜಿನ ಸುತ್ತ ಯಾರೂ ಉಸಿರು ಬಿಡಲಿಲ್ಲ. ನಾನು ಕಾಗುಣಿತದ ಬಗ್ಗೆ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ, ದೇವರು ದೊಡ್ಡವನು.

"ಮತ್ತೆ ಹೇಗೆ ಹೋದ್ರಿ?"

"ಹೊರಗೆ ರಸ್ತೆಯಲ್ಲಿ ಯಾರೋ ಒಬ್ಬ ಕೈಗಾಡಿಯವನಿಗೆ ಬೈತಾ ಇದ್ದ. ತುಳುವಿನಲ್ಲಿ. ಆಹಾ, ಎಂತ ಬೈಗಳು ಅದು! ನಾನು ಓಡಿಹೋಗಿ ಅವನ ಕೈ ಹಿಡ್ಕೊಂಡೆ."

ಬೈಗಳು ಏನು ಅಂತ ಹನ್ನೊಂದು ಜನವೂ ಕೇಳಿದರು. ಮಾವ ನನ್ನ ಕಡೆ ನೋಡಿ, ಸೊಸೆ ಇದ್ದಾಳೆ, ಹೇಳಲಿಕ್ಕಾಗೂದಿಲ್ಲ ಅಂದರು. ಆ ಬೈದ ಮನುಷ್ಯನೇ ಚೀಟಿ ಓದಿ, ಕೈ ಹಿಡಿದು ಹೋಟೆಲಿಗೆ ಬಿಟ್ಟು ಬಂದನಂತೆ. ಪುಣೆಯಲ್ಲಿ ತಪ್ಪಿಹೋದ ಊರಿನವರು ಸಂಜೆ ಗಾಡಿಗೆ ಬಂದು, ಹುಡುಗ ಆಗಲೇ ಗ್ಲಾಸು ತೊಳೀತಾ ಕೂತಿದ್ದು ನೋಡಿ ಎರಡು ಬಾರಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ರಿಟರ್ನ್ ಟಿಕೆಟಿನ ಹುಡುಗ ಬಿಡಲಿಲ್ಲ. "ವಾಪಸ್ ಯಾವಾಗ ಹೋದ್ರಿ ಅಜ್ಜಾ?"

"ಏಳು ವರ್ಷ ಆಯ್ತು" ಅಂದರು ಮಾವ. "ಮನೆ ಅಂಗಳಕ್ಕೆ ಹೋದ ಕೂಡಲೇ ನಾಯಿ ಬೊಗಳಿತು. ಹೊಸ ನಾಯಿ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹತ್ತು ದಿನ ಇದ್ದೆ. ರಜೆ ಅಷ್ಟೇ ಇದ್ದದ್ದು."

ಮನೆಗೆ ಬರುವ ದಾರಿಯಲ್ಲಿ ಅವರು ಇನ್ನೊಂದು ಮಾತು ಹೇಳಿದರು. ಹೊರಡುವ ದಿನ ಅವರ ಅಮ್ಮ ಅಡುಗೆಮನೆಯಲ್ಲಿದ್ದರಂತೆ. ಇವರು ಬಾಗಿಲಲ್ಲಿ ನಿಂತು "ಬರ್ತೇನೆ ಅಮ್ಮ" ಅಂದರಂತೆ. ಅದೇನು ವಿಶೇಷ, ಎಲ್ಲರೂ ಹೇಳೋದೇ. ನಮ್ಮಲ್ಲಿ ಯಾರೂ 'ಹೋಗ್ತೀನಿ' ಅನ್ನಲ್ಲ. ಸಾಗರದ ನಮ್ಮ ಅಜ್ಜಿ ಎದುರಿಗೆ ಹಾಗೆ ಅಂದುಬಿಟ್ಟರೆ ಹೊಸಿಲ ಹೊರಗಿಂದ ವಾಪಸ್ ಕರೆದು, ನೀರು ಕುಡಿಸಿ, ಹೋಗಿ ಬರ್ತೀನಿ ಅಂತ ಹೇಳಿಸಿ ಮತ್ತೆ ಕಳಿಸೋರು. ಮಾವ ಅಂದರು, "ಬರ್ತೇನೆ ಅಂದಿದ್ದೆ. ಆದ್ರೆ ಬಂದದ್ದು ಹೌದಾ ಅಲ್ವಾ ಅಂತ ಈಗಲೂ ಗೊತ್ತಾಗೂದಿಲ್ಲ." ಮೊಮ್ಮಗಳಿಗೆ ಅಂತ ಅಂಗಡಿಯಲ್ಲಿ ನಿಂತು ಚಕ್ಕುಲಿ ಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ.

ಕಳೆದ ಭಾನುವಾರ ಕನ್ನಡಕದ ಹುಡುಗ ಹೊಸ ಕಥೆ ತಂದಿದ್ದ. ಈ ಸಲ ಮೂರು ಪುಟ. ಚಿರತೆ ಇಲ್ಲ. ಒಬ್ಬ ಹುಡುಗ ಸ್ಟೇಷನ್ ಹತ್ತಿರ ಹೋಗಿ ಅಜ್ಜನಿಗೆ ವಡಾಪಾವ್ ತಂದು ಕೊಡಬೇಕು, ಅದೂ ಬಿಸಿ ಆರೋದರೊಳಗೆ. ಒಬ್ಬನೇ. ಫೋನ್ ಯಾಕಿಲ್ಲ ಅನ್ನೋ ವಿವರಣೆಯೂ ಇಲ್ಲ, ಸುಮ್ನೆ ಇಲ್ಲ. ಮೊದಲ ಎರಡು ಪುಟ ಮೆಟ್ಟಿಲು ಇಳಿಯೋದು, ಬಾಲ್ ಆಂಟಿಯ ಕಣ್ಣು ತಪ್ಪಿಸೋದು. ಮೂರನೇ ಪುಟದಲ್ಲಿ ಗೇಟು. ವಾಚ್‌ಮನ್ ಎದ್ದು ನಿಂತು "ಕುಠೆ ಚಾಲ್ಲಾಸ್ ರೇ?", ಎಲ್ಲಿಗೋ ಹೊರಟೆ, ಅಂತಾನೆ. ಹುಡುಗ ಜೇಬಿಗೆ ಕೈ ಹಾಕ್ತಾನೆ. ಕಥೆ ಅಲ್ಲಿಗೆ ನಿಂತಿದೆ.

"ಮುಂದೆ?" ಅಂತ ಕೇಳಿದೆ.

"ಗೇಟಿನ ಆಚೆ ಏನಿದೆ ಅಂತ ನಂಗೆ ಗೊತ್ತಿಲ್ವಲ್ಲ ಟೀಚರ್. ನೋಡ್ಕೊಂಡು ಬಂದು ಬರೀತೀನಿ. ಅಪ್ಪ ಮುಂದಿನ ಶನಿವಾರ ನಡೆಸ್ಕೊಂಡು ಹೋಗ್ತೀನಿ ಅಂದಿದ್ದಾರೆ."

ಪುಟದ ಕೆಳಗೆ ಈ ಸಲವೂ ಚಿತ್ರ ಇತ್ತು. ಹುಡುಗನ ಜೇಬಿನ ಚಿತ್ರ, ಒಳಗಿರೋದೆಲ್ಲ ಕಾಣುವ ಹಾಗೆ. 30 ರೂಪಾಯಿ, ನಾಲ್ಕು ಬಿಸ್ಕತ್ತು, ಒಂದು ಚೀಟಿ. ಚೀಟಿಯ ಮೇಲೆ ಮನೆಯ ವಿಳಾಸ, ಕನ್ನಡದಲ್ಲಿ. ವಾಚ್‌ಮನ್‌ಗೆ ಓದೋಕೆ ಬರಲ್ಲ ಅಂತ ಪಕ್ಕದಲ್ಲಿ ಬಾಣದ ಗುರುತು ಹಾಕಿ ಬರೆದಿದ್ದ. ಡೊಂಬಿವಲಿಯನ್ನು 'ಡೋಬಿವಲಿ' ಅಂತ ಬರೆದಿದ್ದ. ಅವನ ಕಥೆಯಲ್ಲಿ ಮಿಕ್ಕ ತಪ್ಪೆಲ್ಲ ಹಾಗೇ ಬಿಟ್ಟೆ. ಅದೊಂದನ್ನು ತಿದ್ದಿದೆ. ವಿಳಾಸವೇ ತಪ್ಪಾದರೆ ಹುಡುಗ ಮನೆಗೆ ಬರೋದು ಹೇಗೆ?